35ಕ್ಕೆ 35 ಎನ್ನುವ ಮೀಟರ್ ಯಾವುದು? ರೀಫ್ ಟ್ಯಾಂಕಿನ ಉಪ್ಪುನೀರು ಅಳೆಯುವ ಸಾಧನಗಳ ವಿಮರ್ಶೆ

ಹವಳ ಸಾಕುವವರು ಉಪ್ಪುನೀರು ಕಲಸುವಾಗ ಇಟ್ಟುಕೊಳ್ಳುವ ಗುರಿ ಸಾಮಾನ್ಯವಾಗಿ ಒಂದೇ: 35 ಪಿಪಿಟಿ. ಅಂದರೆ ಒಂದು ಕಿಲೋ ಉಪ್ಪುನೀರಿನಲ್ಲಿ 35 ಗ್ರಾಂ ಲವಣ. ಅದೇ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಸಾಂದ್ರತೆಯ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಲೆಕ್ಕಕ್ಕೆ 1.0264, ವಿದ್ಯುತ್ ವಾಹಕತೆಯ ಲೆಕ್ಕಕ್ಕೆ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್. ಹವ್ಯಾಸಿಗಳ ಕೈಗೆ ಸಿಗುವ ಯಾವ ಸಾಧನವೂ ಲವಣವನ್ನು ನೇರವಾಗಿ ಎಣಿಸುವುದಿಲ್ಲ. ಹೈಡ್ರೋಮೀಟರ್ ನೀರಿನ ಸಾಂದ್ರತೆ ನೋಡುತ್ತದೆ, ರಿಫ್ರಾಕ್ಟೋಮೀಟರ್ ಬೆಳಕು ಎಷ್ಟು ಬಾಗಿತು ಎಂದು ನೋಡುತ್ತದೆ, ವಾಹಕತೆ ಪೆನ್ ಕರೆಂಟ್ ಎಷ್ಟು ಸಲೀಸಾಗಿ ಹರಿಯಿತು ಎಂದು ನೋಡುತ್ತದೆ. ಅದನ್ನು ಪಿಪಿಟಿಗೆ ತಿರುಗಿಸುವ ಹಂತದಲ್ಲೇ ತಪ್ಪು ನುಸುಳುವುದು.

ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ದಿನನಿತ್ಯದ ಅಳತೆಗೆ ವಾಹಕತೆ ಪೆನ್, ಆಗಾಗ ತಾಳೆ ನೋಡುವುದಕ್ಕೆ ಗಾಜಿನ ಹೈಡ್ರೋಮೀಟರ್. ಒಂದೇ ಸಾಧನ ಕೊಳ್ಳುವವರಿಗೆ ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಸಾಕು, ಆದರೆ 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣ (ಮೀಟರನ್ನು ಸರಿಹೊಂದಿಸುವ ದ್ರಾವಣ) ಇಲ್ಲದೆ ಅದನ್ನು ಕೊಳ್ಳುವುದು ದಂಡ. ಪ್ಲಾಸ್ಟಿಕ್ ಸ್ವಿಂಗ್ ಆರ್ಮ್ ಹೈಡ್ರೋಮೀಟರ್ ಹವಳದ ಟ್ಯಾಂಕಿಗೆ ಬೇಡ.

ಒಂದೆರಡು ಪಿಪಿಟಿ ಹೆಚ್ಚುಕಮ್ಮಿಯಾದರೆ ಆಗುವುದೇನು ಎಂದು ಕೇಳುವವರು ಕ್ಯಾಲ್ಸಿಯಂ ಲೆಕ್ಕ ನೋಡಬೇಕು. 35ರಲ್ಲಿ 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಭಾಗ) ಕ್ಯಾಲ್ಸಿಯಂ ಕೊಡುವ ಉಪ್ಪು 32ರಲ್ಲಿ ಕೊಡುವುದು 384 ಮಾತ್ರ. ಮೆಗ್ನೀಸಿಯಂ, ಆಲ್ಕಲಿನಿಟಿ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಉಪ್ಪಿನ ಬ್ರ್ಯಾಂಡ್ ಸರಿಯಿಲ್ಲ ಎಂದು ದೂರುತ್ತಾ ಬಾಟಲಿಗಟ್ಟಲೆ ಸಪ್ಲಿಮೆಂಟ್ ಸುರಿಯುವವರಲ್ಲಿ ಎಷ್ಟೋ ಜನರ ನಿಜವಾದ ಸಮಸ್ಯೆ ಸುಳ್ಳು ಹೇಳುವ ಮೀಟರ್.

ಸ್ವಿಂಗ್ ಆರ್ಮ್

ಡಬ್ಬಿಯೊಳಗೆ ನೀರು ತುಂಬಿದಾಗ ಪ್ಲಾಸ್ಟಿಕ್ ಮುಳ್ಳು ಏಳುತ್ತದೆ, ಅಷ್ಟೇ. ಮುಳ್ಳಿಗೆ ಅಂಟಿದ ಒಂದು ಗಾಳಿಗುಳ್ಳೆ ಅದನ್ನು ಮೇಲೆತ್ತಿ ಹೆಚ್ಚು ತೋರಿಸುತ್ತದೆ. ಒಣಗಿದ ಉಪ್ಪಿನ ಪದರ ಭಾರವಾಗಿ ಕೆಳಗೆಳೆದು ಕಡಿಮೆ ತೋರಿಸುತ್ತದೆ. ಎರಡೂ ಒಟ್ಟಿಗೆ ಇದ್ದರೆ ಏನು ತೋರಿಸುತ್ತದೆ ಎಂಬುದು ಅದೃಷ್ಟದ ಮಾತು. ಸರಿಪಡಿಸಲು ಸ್ಕ್ರೂ ಕೂಡ ಇಲ್ಲ. ಮೀನು ಮಾತ್ರ ಇರುವ ಟ್ಯಾಂಕಿಗೆ ನಡೆದೀತು.

ಗಾಜಿನ ತೇಲುವ ಹೈಡ್ರೋಮೀಟರ್

ಹಳೆಯ ಕಾಲದ ಸಾಧನ ಎಂದು ಬದಿಗಿಡುವವರೇ ಹೆಚ್ಚು. ಆದರೆ ಒಳ್ಳೆಯ ಗಾಜಿನ ಹೈಡ್ರೋಮೀಟರಿನ ದೊಡ್ಡ ಗುಣ, ಅದರ ಕ್ಯಾಲಿಬ್ರೇಶನ್ ತಾನಾಗಿ ಜಾರುವುದಿಲ್ಲ. ಬ್ಯಾಟರಿ ಇಲ್ಲ, ಎಲೆಕ್ಟ್ರೋಡ್ ಇಲ್ಲ. ಒಡೆಯದಿದ್ದರೆ, ಒಳಗಿನ ಸ್ಕೇಲ್ ಕಾಗದ ಸರಿಯದಿದ್ದರೆ, ಇಂದು ತೋರಿಸಿದ್ದನ್ನೇ ಹತ್ತು ವರ್ಷದ ನಂತರವೂ ತೋರಿಸುತ್ತದೆ. ಟ್ರಾಪಿಕ್ ಮರೀನ್ ಕಂಪನಿಯದರಂಥ, ಅಕ್ವೇರಿಯಂಗೆಂದೇ ಮಾಡಿದ ಉದ್ದ ಕತ್ತಿನ ಮಾದರಿ ಇದ್ದರೆ ಇನ್ನೂ ಒಳ್ಳೆಯದು. ಕತ್ತು ಸಣ್ಣಗೆ, ಉದ್ದಕ್ಕೆ ಇದ್ದಷ್ಟೂ ಗೆರೆಗಳು ದೂರ ದೂರ ಇರುತ್ತವೆ, ಓದುವುದು ಸುಲಭ.

ಕೊಳ್ಳುವಾಗ ನೋಡಬೇಕಾದ್ದು ಸ್ಕೇಲಿನ ಮೇಲೆ ಬರೆದ ಉಷ್ಣತೆ. 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೊಂದಿಸಿದ ಹೈಡ್ರೋಮೀಟರನ್ನು 25 ಡಿಗ್ರಿ ಸೆಲ್ಸಿಯಸ್ ನೀರಿಗೆ ಬಿಟ್ಟರೆ, 35 ಪಿಪಿಟಿ ನೀರಿನಲ್ಲೂ 1.0245ರ ಆಸುಪಾಸು ನಿಲ್ಲುತ್ತದೆ. ಅದನ್ನು 1.0264ಕ್ಕೆ ಏರಿಸಲು ಉಪ್ಪು ಸುರಿದವರ ನೀರು 37 ದಾಟುತ್ತದೆ. 25 ಡಿಗ್ರಿಗೆ ಹೊಂದಿಸಿದ್ದನ್ನು 20 ಡಿಗ್ರಿ ನೀರಿಗೆ ಬಿಟ್ಟರೆ ಇದರ ತದ್ವಿರುದ್ಧ: ಸುಮಾರು 0.0013 ಹೆಚ್ಚು ತೋರಿಸುತ್ತದೆ, ಅಂದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಿಪಿಟಿ. ಹೀಟರ್ ಹಾಕದೆ ತಣ್ಣೀರಿನಲ್ಲಿ ಕಲಸಿ ಅಳೆಯುವವರ ನೀರು ಯಾವಾಗಲೂ ಪೇಲವ ಆಗುವುದು ಹೀಗೆ.

ಇನ್ನೊಂದು ಬಲೆ: ಕೆಲವು ಗಾಜಿನ ಮೀಟರುಗಳಲ್ಲಿ ಇರುವುದು ಸಾಪೇಕ್ಷ ಸಾಂದ್ರತೆಯಲ್ಲ, ನೇರ ಸಾಂದ್ರತೆ. 25 ಡಿಗ್ರಿಯಲ್ಲಿ 35 ಪಿಪಿಟಿ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.0233 ಗ್ರಾಂ. ಸ್ಕೇಲ್ ಯಾವುದೆಂದು ನೋಡದೆ 1.0264ರವರೆಗೆ ಎಳೆದರೆ ನೀರು 39ರ ಹತ್ತಿರ ಹೋಗಿ ನಿಲ್ಲುತ್ತದೆ. ಜೊತೆಗೆ ಬರುವ ಚೀಟಿಯನ್ನು ಓದದೆ ಬಿಸಾಡಬಾರದ ಸಾಧನ ಇದೊಂದು.

ಬಳಸುವ ಕ್ರಮ ಕಷ್ಟದ್ದಲ್ಲ. ಎತ್ತರದ ಪಾತ್ರೆ ಅಥವಾ ಸಿಲಿಂಡರ್‌ನಲ್ಲಿ ನೀರು ತೆಗೆದುಕೊಳ್ಳಿ, ಪಂಪಿನ ಅಲೆಯಲ್ಲಿ ಬೇಡ. ಕತ್ತಿನ ಮೇಲ್ಭಾಗ ಹಿಡಿದು ನಿಧಾನವಾಗಿ ಇಳಿಸಿ, ಕೈ ಬಿಡುವಾಗ ಸ್ವಲ್ಪ ತಿರುಗಿಸಿ. ಅಂಟಿದ ಗುಳ್ಳೆಗಳು ಬಿಟ್ಟುಹೋಗುತ್ತವೆ. ಕತ್ತಿನ ಸುತ್ತ ನೀರು ತುಸು ಮೇಲೇರಿ ಅಂಟಿಕೊಂಡಿರುತ್ತದೆ. ಓದಬೇಕಾದ್ದು ಆ ಅಂಚನ್ನಲ್ಲ, ಕೆಳಗಿನ ಸಮತಟ್ಟಾದ ನೀರಿನ ಮಟ್ಟವನ್ನು. ಕಣ್ಣು ನೀರಿನ ಮಟ್ಟಕ್ಕೆ ಬರುವಂತೆ ಬಗ್ಗಬೇಕು. ಕತ್ತಿನ ಮೇಲೆ ಕೈಯ ಜಿಡ್ಡು ಇದ್ದರೆ ಆ ಅಂಚು ಒಂದೊಂದು ಸಲ ಒಂದೊಂದು ಥರ ಕೂರುತ್ತದೆ.

ತೊಂದರೆ ಎಂದರೆ ಇದು ಕೇಳುವ ನೀರಿನ ಪ್ರಮಾಣ ಮತ್ತು ಸಮಯ. ದಿನಾ ಮಾಡುವ ಕೆಲಸವಲ್ಲ. ಅದಕ್ಕೇ ಇದನ್ನು ತಾಳೆ ನೋಡುವ ಸಾಧನ ಎಂದದ್ದು.

ರಿಫ್ರಾಕ್ಟೋಮೀಟರ್

ಹೆಚ್ಚಿನವರ ಕೈಯಲ್ಲಿರುವುದು ಇದೇ, ಹೆಚ್ಚಿನ ಗೊಂದಲ ಇರುವುದೂ ಇದರಲ್ಲೇ. 20 ಡಿಗ್ರಿಯಲ್ಲಿ ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಬಾಗುವ ಅಳತೆ) 1.3330, 35 ಪಿಪಿಟಿ ಸಮುದ್ರದ ನೀರಿನದು 1.3394. ಸೊನ್ನೆಯಿಂದ 35ರವರೆಗಿನ ಇಡೀ ಆಟ ನಡೆಯುವುದು 0.0064ರ ಜಾಗದಲ್ಲಿ. ಪ್ರಿಸಂ ಮೇಲೆ ಒಣಗಿದ ತೆಳು ಉಪ್ಪಿನ ಪೊರೆ, ಸಾಲದಷ್ಟು ಹನಿ, ಮುಚ್ಚಳದಡಿ ಸಿಕ್ಕ ಗುಳ್ಳೆ, ಇವೆಲ್ಲ ಗೆರೆಯನ್ನು ಸರಿಸಲು ಅಥವಾ ಮಸುಕು ಮಾಡಲು ಧಾರಾಳ ಸಾಕು.

ಮೊದಲ ಸಮಸ್ಯೆ ಸ್ಕೇಲಿನದು. ಮಾರುಕಟ್ಟೆಯಲ್ಲಿರುವ ಅನೇಕ ಅಗ್ಗದ ಮಾದರಿಗಳು ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಮಾಡಿದಂಥವು. ಸಮುದ್ರದ ಲವಣದಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ ಎಲ್ಲ ಸೇರಿರುವುದರಿಂದ ಅದು ಬೆಳಕನ್ನು ಬಾಗಿಸುವ ಪ್ರಮಾಣ ಬೇರೆ. 35 ಪಿಪಿಟಿ ಸಮುದ್ರದ ನೀರು ಬಾಗಿಸುವಷ್ಟೇ ಬೆಳಕನ್ನು ಬಾಗಿಸಲು ಅಡುಗೆ ಉಪ್ಪಿನ ದ್ರಾವಣ 36.5 ಪಿಪಿಟಿ ಇರಬೇಕು. ಹಾಗಾಗಿ ಶುದ್ಧ ನೀರಿನಲ್ಲಿ ಸೊನ್ನೆಗೆ ಸರಿಯಾಗಿ ಕೂರಿಸಿದ ಅಂಥ ಮೀಟರು ನಿಜವಾದ 35ನ್ನು 36.5 ಎಂದು ತೋರಿಸುತ್ತದೆ. ಅದರಲ್ಲಿ 35 ಕಂಡು ತೃಪ್ತಿಪಟ್ಟವರ ನೀರು ನಿಜಕ್ಕೂ 33.6.

ಎರಡನೆಯದು ಆರ್‌ಒ ನೀರಿನಿಂದ (ಫಿಲ್ಟರ್ ಮಾಡಿ ಲವಣ ತೆಗೆದ ನೀರು) ಸೊನ್ನೆ ಹೊಂದಿಸಿ ಕ್ಯಾಲಿಬ್ರೇಶನ್ ಮುಗಿಯಿತು ಎನ್ನುವ ನಂಬಿಕೆ. ಸೊನ್ನೆಯಲ್ಲಿ ಸರಿ ಇದ್ದ ಮಾತ್ರಕ್ಕೆ 35ರಲ್ಲೂ ಸರಿ ಇರಬೇಕೆಂದಿಲ್ಲ, ಸ್ಕೇಲಿನ ಗೆರೆಗಳ ಅಂತರದಲ್ಲೇ ದೋಷ ಇದ್ದರೆ ಮೇಲೆ ಹೋದಷ್ಟೂ ತಪ್ಪು ಹಿಗ್ಗುತ್ತದೆ. ನಮಗೆ ಬೇಕಾದ್ದು 35ರ ಸುತ್ತಮುತ್ತಲಿನ ಸತ್ಯ ಮಾತ್ರ. ಆದ್ದರಿಂದ 35ರ ದ್ರಾವಣ ಹಾಕಿ ಸ್ಕ್ರೂ ತಿರುಗಿಸಿ ಗೆರೆಯನ್ನು 35ಕ್ಕೆ ಕೂರಿಸಿ. ಆಮೇಲೆ ಆರ್‌ಒ ನೀರಿಗೆ ಅದು ಸೊನ್ನೆ ತೋರಿಸದೆ ಒಂದು ಗೆರೆ ಆಚೀಚೆ ಹೋದರೆ ತಲೆಕೆಡಿಸಿಕೊಳ್ಳಬೇಡಿ. ಈ ಒಂದು ಕೆಲಸದಿಂದ ಸೋಡಿಯಂ ಕ್ಲೋರೈಡ್ ಸ್ಕೇಲಿನ ತಪ್ಪೂ ನಮಗೆ ಬೇಕಾದ ಜಾಗದಲ್ಲಿ ಅಳಿಸಿಹೋಗುತ್ತದೆ. ಸೊನ್ನೆ ನೋಡಲು ನಲ್ಲಿ ನೀರು ಬಳಸುವುದಂತೂ ಬೇಡವೇ ಬೇಡ; 500 ಟಿಡಿಎಸ್ (ಕರಗಿದ ಲವಣಗಳ ಅಳತೆ) ನೀರು ಎಂದರೆ ಅದೇ ಅರ್ಧ ಪಿಪಿಟಿ.

ಹನಿ ಹಾಕಿದ ತಕ್ಷಣ ಕಣ್ಣಿಗಿಟ್ಟು ಓದುವುದು ಮೂರನೆಯ ತಪ್ಪು. ಮೈಮೇಲೆ ಎಟಿಸಿ ಎಂದು ಬರೆದಿರುವ, ಅಂದರೆ ಉಷ್ಣತೆಗೆ ತಾನೇ ಹೊಂದಿಕೊಳ್ಳುವ ಮಾದರಿಗಳಲ್ಲೂ ಆ ಹೊಂದಾಣಿಕೆ ನಡೆಯುವುದು ಉಪಕರಣದ ಉಷ್ಣತೆಗೆ, ಹನಿಯ ಉಷ್ಣತೆಗಲ್ಲ. ಎರಡು ಮೂರು ಹನಿ ಹಾಕಿ, ಮುಚ್ಚಳ ಇಳಿಸಿ, ಅರ್ಧದಿಂದ ಒಂದು ನಿಮಿಷ ಕಾದರೆ ಎರಡೂ ಒಂದೇ ಉಷ್ಣತೆಗೆ ಬರುತ್ತವೆ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಅಂಚಿನಿಂದ ನೀರು ಆವಿಯಾಗಿ ಅಂಕೆ ಮೇಲೇರುತ್ತದೆ. ಬಿಳಿ ಬೆಳಕಿನ ಕಡೆ ಹಿಡಿದು ಓದಿ. ಟ್ಯಾಂಕಿನ ನೀಲಿ ಲೈಟಿನಡಿ ಬೇಡ: ಬೆಳಕಿನ ಬಣ್ಣ ಬದಲಾದರೆ ಬಾಗುವ ಪ್ರಮಾಣವೂ ಬದಲಾಗುತ್ತದೆ. ಮುಗಿದ ಮೇಲೆ ಆರ್‌ಒ ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ.

ಡಿಜಿಟಲ್ ರಿಫ್ರಾಕ್ಟೋಮೀಟರುಗಳ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಾನಾ ಎಚ್‌ಐ96822, ಮಿಲ್ವಾಕೀ ಎಂಎ887 ಇವೆರಡೂ ಗೆರೆ ಹುಡುಕುವ ಕಷ್ಟ ತಪ್ಪಿಸುತ್ತವೆ, ಸಮುದ್ರದ ನೀರಿನ ಸ್ಕೇಲನ್ನೇ ಬಳಸುತ್ತವೆ. ಆದರೆ ಕಂಪನಿಗಳೇ ಕೊಡುವ ನಿಖರತೆ ಪ್ಲಸ್ ಅಥವಾ ಮೈನಸ್ 2. ಪರದೆ ಮೇಲೆ 35 ಇದ್ದಾಗ ನೀರು 33ರಿಂದ 37ರವರೆಗೆ ಎಲ್ಲಿಯೂ ಇರಬಹುದು. ಮೇಲಾಗಿ ಇವನ್ನು ಹೊಂದಿಸುವುದು ಶುದ್ಧ ನೀರಿನ ಸೊನ್ನೆಗೆ ಮಾತ್ರ. ಹಾಗಾಗಿ 35ರ ದ್ರಾವಣ ಹಾಕಿ ಅದೆಷ್ಟು ತೋರಿಸುತ್ತದೆ ಎಂದು ಮೀಟರಿನ ಬೆನ್ನ ಮೇಲೆ ಬರೆದಿಟ್ಟುಕೊಂಡು, ಪ್ರತಿ ಸಲ ಅಷ್ಟನ್ನು ಕೂಡಿಸಿ ಕಳೆಯಬೇಕು. ಕೊಟ್ಟ ದುಡ್ಡಿಗೆ ಇದು ಹೆಚ್ಚಾಯಿತು ಎಂದೇ ಅನಿಸುತ್ತದೆ.

ವಾಹಕತೆ ಪೆನ್

ಹಾನಾ ಎಚ್‌ಐ98319 ಈ ವರ್ಗದ ಚಿರಪರಿಚಿತ ಮುಖ. ತುದಿಯನ್ನು ನೀರಿಗೆ ಅದ್ದಿದರೆ ಪಿಪಿಟಿ, ಪಿಎಸ್‌ಯು (ವಾಹಕತೆಯ ಮೇಲೆ ನಿಂತ ಲವಣಾಂಶದ ಮಾನ), ಸಾಪೇಕ್ಷ ಸಾಂದ್ರತೆ ಮೂರರಲ್ಲಿ ಬೇಕಾದ್ದನ್ನು ತೋರಿಸುತ್ತದೆ, ಜೊತೆಗೆ ಉಷ್ಣತೆ. ಅಂಕೆ 0.1ರ ಹೆಜ್ಜೆಯಲ್ಲಿ ಬರುತ್ತದೆ, ಕಂಪನಿ ಹೇಳುವ ನಿಖರತೆ 40 ಪಿಪಿಟಿವರೆಗೆ ಪ್ಲಸ್ ಅಥವಾ ಮೈನಸ್ 1. ಪರದೆಯಲ್ಲಿ 35.2 ಕಂಡ ತಕ್ಷಣ ಆ 0.2ನ್ನು ಸರಿಪಡಿಸಲು ಓಡಬೇಡಿ. ಇದರ ನಿಜವಾದ ಬಲ, 35 ಪಿಪಿಟಿ ದ್ರಾವಣದಲ್ಲೇ ಕ್ಯಾಲಿಬ್ರೇಟ್ ಆಗುವುದು. ನಾವು ಬಳಸುವ ಬಿಂದುವಿನಲ್ಲೇ ಮೀಟರ್ ಸರಿಯಾಗುತ್ತದೆ.

ಪಿಪಿಟಿಯ ವಿಷಯದಲ್ಲಿ ಒಂದು ಎಚ್ಚರ. ಕೆಲವು ಮೀಟರುಗಳು ಪಿಪಿಟಿ ಎನ್ನುವುದು ಕಿಲೋಗೆ ಗ್ರಾಂ ಲೆಕ್ಕದಲ್ಲಿ, ಕೆಲವು ಲೀಟರಿಗೆ ಗ್ರಾಂ ಲೆಕ್ಕದಲ್ಲಿ. ಕಿಲೋಗೆ 35 ಎಂದರೆ ಲೀಟರಿಗೆ 35.8. ಎರಡು ಮೀಟರುಗಳ ನಡುವಿನ ಜಗಳ ಹಲವು ಸಲ ಇಷ್ಟೇ ಆಗಿರುತ್ತದೆ. ಪಿಎಸ್‌ಯು ಇಟ್ಟುಕೊಂಡರೆ ಈ ರಗಳೆ ಇಲ್ಲ.

ಪೆನ್ ಕೆಡುವುದಕ್ಕಿಂತ ಕ್ಯಾಲಿಬ್ರೇಶನ್ ಕೆಡುವುದೇ ಹೆಚ್ಚು. ಕ್ಯಾಲಿಬ್ರೇಶನ್ ದ್ರಾವಣದ ಸ್ಯಾಶೆಯಲ್ಲಿ (ಚಿಕ್ಕ ಪೊಟ್ಟಣ) ಇರುವುದು 20 ಮಿಲಿ. ಪೆನ್ನಿನ ತುದಿಯನ್ನು ಆರ್‌ಒ ನೀರಿನಲ್ಲಿ ತೊಳೆದು ಹಾಗೇ ಅದ್ದಿದರೆ, ತೋಡಿನಲ್ಲಿ ನಿಂತ ನೀರು ಒಂದು ಮಿಲಿಯಷ್ಟಿದ್ದರೂ ದ್ರಾವಣ ಸುಮಾರು 5 ಶೇಕಡಾ ತೆಳುವಾಗುತ್ತದೆ. 33.3 ಇರುವ ದ್ರಾವಣವನ್ನು ಪೆನ್ 35 ಎಂದು ನಂಬುತ್ತದೆ, ನೀವು ಪೆನ್ನನ್ನು ನಂಬಿ ಟ್ಯಾಂಕನ್ನು 33.3ಕ್ಕೆ ಇಳಿಸುತ್ತೀರಿ. ಸರಿಯಾದ ಕ್ರಮ: ತೊಳೆಯಿರಿ, ಜೋರಾಗಿ ಕೊಡವಿ, ಒಂದಿಷ್ಟು ದ್ರಾವಣವನ್ನೇ ತುದಿಯ ಮೇಲೆ ಸುರಿದು ಚೆಲ್ಲಿ, ಉಳಿದದ್ದರಲ್ಲಿ ಅದ್ದಿ. ಅದ್ದಿದ ಮೇಲೆ ಸ್ಯಾಶೆಯ ಗೋಡೆಗೆ ಎರಡು ಸಲ ತಟ್ಟಿ. ಎಲೆಕ್ಟ್ರೋಡ್ ನಡುವೆ ಗುಳ್ಳೆ ಕೂತಿದ್ದರೆ ಕರೆಂಟ್ ಹರಿಯುವ ದಾರಿ ಕಿರಿದಾಗಿ ಅಂಕೆ ಕಡಿಮೆ ಬರುತ್ತದೆ. ಬಳಸಿದ ಸ್ಯಾಶೆಯನ್ನು ಕ್ಲಿಪ್ ಹಾಕಿಟ್ಟು ಮುಂದಿನ ತಿಂಗಳಿಗೆ ಉಳಿಸುವ ಜಿಪುಣತನ ಬೇಡ.

ಉಷ್ಣತೆ ಇಲ್ಲಿ ಇನ್ನೂ ತೀಕ್ಷ್ಣ. ವಾಹಕತೆ ಒಂದು ಡಿಗ್ರಿಗೆ ಸುಮಾರು 2 ಶೇಕಡಾ ಏರುತ್ತದೆ, ಅಂದರೆ 35ರ ಬಳಿ 0.7 ಪಿಪಿಟಿ. ಪೆನ್ ಇದನ್ನು ಸರಿದೂಗಿಸುತ್ತದೆ ನಿಜ, ಆದರೆ ಅದರ ಉಷ್ಣತೆ ಸಂವೇದಕ ನೀರಿನ ಬಿಸಿಗೆ ಹೊಂದಿಕೊಂಡ ಮೇಲೆ ಮಾತ್ರ. ಉಷ್ಣತೆಯ ಅಂಕೆ ಚಲಿಸುವುದು ನಿಲ್ಲುವವರೆಗೆ ಕಾಯಿರಿ. ಕ್ಯಾಲಿಬ್ರೇಶನ್‌ಗೆ ಮೊದಲು ಸ್ಯಾಶೆಯನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟರೆ ಎರಡೂ ಸಮವಾಗುತ್ತವೆ. ಅಳತೆಯನ್ನು ಟ್ಯಾಂಕಿನಲ್ಲಿ ಮಾಡದೆ ಲೋಟಕ್ಕೆ ನೀರು ತೆಗೆದು ಮಾಡುವುದು ವಾಸಿ: ಸ್ಕಿಮ್ಮರಿನ (ಗುಳ್ಳೆಗಳಿಂದ ಕೊಳೆ ತೆಗೆಯುವ ಸಾಧನ) ಸೂಕ್ಷ್ಮ ಗುಳ್ಳೆಗಳ ಕಾಟ ಇರುವುದಿಲ್ಲ. ಕಾಲಕ್ರಮೇಣ ತುದಿಗೆ ಬಿಳಿ ಪದರ ಕಟ್ಟುತ್ತದೆ. ಬಿಳಿ ವಿನೆಗರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು ಆರ್‌ಒ ನೀರಿನಲ್ಲಿ ತೊಳೆದು ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಒರೆಗಲ್ಲು ಯಾವುದು

ಇಷ್ಟೆಲ್ಲ ಆದ ಮೇಲೆ ಮೀಟರಿಗಿಂತ ಅದನ್ನು ಒರೆಗೆ ಹಚ್ಚುವ ದ್ರಾವಣವೇ ಮುಖ್ಯ ಎಂಬುದು ಗೊತ್ತಾಗಿರುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ಒಂದೇ ದ್ರಾವಣ ಎಲ್ಲಕ್ಕೂ ಆಗುವುದಿಲ್ಲ. 35 ಪಿಪಿಟಿ ಸಮುದ್ರದ ನೀರಿಗೆ ಸಮನಾಗಲು, ಒಟ್ಟು 1000 ಗ್ರಾಂ ದ್ರಾವಣದಲ್ಲಿ ಬೇಕಾದ ಒಣ ಸೋಡಿಯಂ ಕ್ಲೋರೈಡ್ ಹೀಗೆ:

ರಿಫ್ರಾಕ್ಟೋಮೀಟರಿಗೆ: 36.5 ಗ್ರಾಂ ಉಪ್ಪು, 963.5 ಗ್ರಾಂ ನೀರು.
ವಾಹಕತೆ ಪೆನ್ನಿಗೆ: 32.9 ಗ್ರಾಂ ಉಪ್ಪು, 967.1 ಗ್ರಾಂ ನೀರು.
ಹೈಡ್ರೋಮೀಟರಿಗೆ: 37.1 ಗ್ರಾಂ ಉಪ್ಪು, 962.9 ಗ್ರಾಂ ನೀರು.

ರಿಫ್ರಾಕ್ಟೋಮೀಟರಿಗೆ ಮಾಡಿದ್ದನ್ನು ಪೆನ್ನಿಗೆ ಹಾಕಿದರೆ ಏನಾಗುತ್ತದೆ? ಪೆನ್ನಿನ ದೃಷ್ಟಿಯಲ್ಲಿ ಅದು 35 ಅಲ್ಲ, ಸುಮಾರು 38.8. ಅದನ್ನು 35 ಎಂದು ಒಪ್ಪಿಸಿದ ಪೆನ್ ಹಿಡಿದು ನೀರು ಕಲಸಿದರೆ ಹವಳಗಳು 38.8ರಲ್ಲಿ ನಿಲ್ಲುತ್ತವೆ. ಅಂಗಡಿಯ ಬಾಟಲಿಗಳಲ್ಲೂ ಇದೇ ಅಪಾಯ ಉಂಟು: ಬರೀ 35 ಪಿಪಿಟಿ ಎಂದಿದ್ದರೆ ಸಾಲದು, ಯಾವ ಬಗೆಯ ಮೀಟರಿಗೆ ಎಂದು ಲೇಬಲ್ ಮೇಲೆ ಇರಬೇಕು.

ತೂಕಕ್ಕೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಒಂದು ಗ್ರಾಮಿನ ಹೆಜ್ಜೆಯ ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ಆಚೀಚೆಯಾದರೆ ಅಲ್ಲೇ ಅರ್ಧ ಪಿಪಿಟಿ ಹೋಯಿತು. ನೀರಿಗೆ ಅಡುಗೆಮನೆ ತಕ್ಕಡಿಯೇ ಸಾಕು. ಉಪ್ಪು ತೇವ ಕುಡಿದಿದ್ದರೆ ಬಾಣಲೆಯಲ್ಲಿ ಬಿಸಿಮಾಡಿ ಆರಿಸಿ ತೂಗಿ. ದ್ರಾವಣವನ್ನು ಭದ್ರ ಮುಚ್ಚಳದ ಬಾಟಲಿಯಲ್ಲಿ ಇಡಿ. ಅದರಲ್ಲಿನ ನೀರು 5 ಶೇಕಡಾ ಆವಿಯಾದರೂ 35 ಎಂಬುದು 36.8 ಆಗಿರುತ್ತದೆ.

ಕಲಸುವ ಡ್ರಮ್ಮಿನ ಬಳಿ

ಟಿಡಿಎಸ್ ಸೊನ್ನೆ ಇರುವ ಆರ್‌ಒ ಡಿಐ ನೀರು (ಆರ್‌ಒ ನಂತರ ಉಳಿದ ಅಯಾನುಗಳನ್ನೂ ತೆಗೆದದ್ದು) ಮೊದಲು, ಆಮೇಲೆ ಹೀಟರ್ ಮತ್ತು ಪಂಪ್, 25 ಡಿಗ್ರಿಗೆ ಬಂದ ಮೇಲೆ ಉಪ್ಪು. ಉಪ್ಪು ಹಾಕಿಟ್ಟು ಮೇಲಿಂದ ನೀರು ಬಿಟ್ಟರೆ ತಳದಲ್ಲಿ ಗಾಢವಾದ ಕಡೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಅಕ್ವೇರಿಯಂ ಉಪ್ಪಿನಲ್ಲಿ ತೇವ, ಹರಳಿನೊಳಗಿನ ನೀರು ಎರಡೂ ಇರುವುದರಿಂದ ಲೀಟರಿಗೆ 36ರಿಂದ 40 ಗ್ರಾಂವರೆಗೆ ಬೇಕಾಗುತ್ತದೆ, ಬ್ರ್ಯಾಂಡಿನ ಮೇಲೆ ಹೋಗುತ್ತದೆ. 100 ಲೀಟರಿಗೆ 3.5 ಕಿಲೋದಿಂದ ಶುರುಮಾಡಿ. ಪೂರ್ತಿ ಕರಗಿ ನೀರು ತಿಳಿಯಾದ ಮೇಲೆ ನಡುಮಟ್ಟದಿಂದ ನೀರು ತೆಗೆದು ಅಳೆಯಿರಿ. 33.2 ಬಂತು ಎನ್ನಿ. ಉಳಿದದ್ದು ತ್ರೈರಾಶಿ: 3.5ನ್ನು 35ರಿಂದ ಗುಣಿಸಿ 33.2ರಿಂದ ಭಾಗಿಸಿದರೆ 3.69 ಕಿಲೋ, ಅಂದರೆ ಇನ್ನು 190 ಗ್ರಾಂ. ಮುಂದಿನ ಸಲ ಅದೇ ಚೀಲದಿಂದ ನೇರವಾಗಿ 3.69 ತೂಗಿದರಾಯಿತು. ಚೀಲ ತೆರೆದಿಟ್ಟು ತೇವ ಎಳೆದುಕೊಂಡರೆ ಈ ಅಂಕೆ ಬದಲಾಗುತ್ತದೆ.

ಹೆಚ್ಚಾದರೆ ಇಳಿಸುವುದು ಇನ್ನೂ ಸುಲಭ. 37ರ 100 ಲೀಟರ್ ನೀರಿಗೆ 5.7 ಲೀಟರ್ ಆರ್‌ಒ ನೀರು ಸೇರಿಸಿದರೆ 35. ಡ್ರಮ್ಮಿನಲ್ಲಿ ಜಾಗ ಇಲ್ಲದಿದ್ದರೆ 5.4 ಲೀಟರ್ ತೆಗೆದು ಅಷ್ಟೇ ಶುದ್ಧ ನೀರು ಹಾಕಿ. ಎಷ್ಟು ಹೊತ್ತು ಕಲಕಬೇಕು ಎಂಬುದಕ್ಕೆ ಪೊಟ್ಟಣದ ಸೂಚನೆಯೇ ಪ್ರಮಾಣ: ಕೆಲವು ಉಪ್ಪುಗಳನ್ನು ರಾತ್ರಿಯಿಡೀ ತಿರುಗಿಸಬಹುದು, ಕೆಲವನ್ನು ಕೆಲವೇ ಗಂಟೆಯಲ್ಲಿ ಬಳಸಿಬಿಡಬೇಕು.

10 ಶೇಕಡಾ ನೀರು ಬದಲಿಸುವಾಗ ಹೊಸ ನೀರು 33 ಇದ್ದರೆ ಟ್ಯಾಂಕ್ ಇಳಿಯುವುದು ಬರೀ 0.2, ಯಾರ ಗಮನಕ್ಕೂ ಬರುವುದಿಲ್ಲ. ಅದೇ ತಪ್ಪು ಮೀಟರಿನಿಂದ ಹತ್ತು ಸಲ ಬದಲಿಸಿದ ಮೇಲೆ ಟ್ಯಾಂಕ್ 33.7ಕ್ಕೆ ಬಂದಿರುತ್ತದೆ. ಮೀಟರಂತೂ ಅಷ್ಟೂ ದಿನ ಸಮಾಧಾನ ಹೇಳುತ್ತಲೇ ಇರುತ್ತದೆ.

ಎರಡು ಸಾಧನಗಳು ಒಂದಕ್ಕೊಂದು ಒಪ್ಪದಿದ್ದಾಗ ಸರಾಸರಿ ತೆಗೆಯಬೇಡಿ. ಎರಡನ್ನೂ ತಂತಮ್ಮ ದ್ರಾವಣದಲ್ಲಿ ಪರೀಕ್ಷಿಸಿ, ತಪ್ಪಿರುವುದನ್ನು ಸರಿಪಡಿಸಿ, ಆಮೇಲೆ ಟ್ಯಾಂಕಿನ ನೀರು ಅಳೆಯಿರಿ. ಟ್ಯಾಂಕ್ ನಿಜಕ್ಕೂ 33 ಎಂದಾದರೆ ಉಪ್ಪನ್ನು ನೇರವಾಗಿ ಸುರಿಯದೆ, ಆವಿಯಾದ ನೀರಿನ ಬದಲು ಕೆಲವು ದಿನ ಆರ್‌ಒ ನಿಲ್ಲಿಸಿ 35ರ ಉಪ್ಪುನೀರನ್ನೇ ತುಂಬಿಸಿ. ದಿನಕ್ಕೆ ಒಂದು ಪಿಪಿಟಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಿ. ಆಟೋ ಟಾಪ್‌ಅಪ್ (ಆವಿಯಾದಷ್ಟು ನೀರನ್ನು ತಾನೇ ತುಂಬಿಸುವ ಸಾಧನ) ಇದ್ದರೆ ಅದರ ಡಬ್ಬಿಗೇ ಉಪ್ಪುನೀರು ಹಾಕಿ, ದಿನಾ ಒಂದೇ ಹೊತ್ತಿಗೆ ಅಳೆಯಿರಿ, 35 ಮುಟ್ಟಿದ ದಿನವೇ ಡಬ್ಬಿಯನ್ನು ತೊಳೆದು ಮತ್ತೆ ಆರ್‌ಒ ನೀರು ತುಂಬಿ.